ದಂಟಿನ ಸಕ್ಕರೆಗೆ ಹೊಂಚು ಹಾಕಿದ ಬ್ಯಾಕ್ಟೀರಿಯಾ

ಅಮೆರಿಕದ ಪೇಟೆಂಟ್ ಕಚೇರಿಯ 50 ಲಕ್ಷನೆಯ ಪೇಟೆಂಟ್ 1991ರ ಮಾರ್ಚ್ 19ರಂದು ಹೊರಬಂತು. ಪಡೆದದ್ದು ಫ್ಲಾರಿಡಾ ವಿಶ್ವವಿದ್ಯಾಲಯದ ಲಾನಿ ಇಂಗ್ರಾಮ್ ತಂಡ. ಎಥೆನಾಲ್ ತಯಾರಿಸುವಂತೆ ಪಳಗಿಸಿದ ಇ. ಕೋಲೈ ಬ್ಯಾಕ್ಟೀರಿಯಾಕ್ಕಾಗಿ.

ಹುಲ್ಲು, ದಂಟು, ಕಬ್ಬಿನ ಸಿಪ್ಪೆಯಲ್ಲಿರುವ ಸೆಲ್ಯುಲೋಸ್ ಒಡೆದರೆ ಗ್ಲುಕೋಸ್ ಸಿಗುತ್ತದೆ. ಹೆಮಿಸೆಲ್ಯುಲೋಸ್ ಒಡೆದರೆ ಸಿಗುವುದು ಬಹುಪಾಲು ಕ್ಸೈಲೋಸ್ ಎಂಬ ಸಕ್ಕರೆ. ಮದ್ಯ ಹುಳಿಸುವ ಯೀಸ್ಟ್ ಈ ಎರಡನೆಯದನ್ನು ಮೂಸಿಯೂ ನೋಡದು. ಇ. ಕೋಲೈ ಎರಡನ್ನೂ ತಿನ್ನುತ್ತದೆ, ಆದರೆ ಹೆಚ್ಚಾಗಿ ಕೊಡುವುದು ಬಗೆಬಗೆಯ ಆಮ್ಲ. ಸೇಂದಿಯಲ್ಲಿ ಸಿಗುವ ಝೈಮೊಮೊನಾಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಎರಡು ಜೀನ್‌ಗಳನ್ನು ಇಂಗ್ರಾಮ್ ತಂಡ 1987ರಲ್ಲಿ ಇ. ಕೋಲೈಯೊಳಗೆ ಕೂರಿಸಿತು. ಆಮ್ಲದ ಜಾಗದಲ್ಲಿ ಎಥೆನಾಲ್ ಬರತೊಡಗಿತು!

1995ರಲ್ಲಿ ಕೊಲರಾಡೊದ ವಿಜ್ಞಾನಿಗಳು ಎದುರು ದಿಕ್ಕಿನಲ್ಲಿ ನಡೆದರು: ಇ. ಕೋಲೈನ ನಾಲ್ಕು ಜೀನ್‌ಗಳನ್ನು ಝೈಮೊಮೊನಾಸ್‌ಗೆ ಕೊಟ್ಟು ಅದಕ್ಕೆ ಕ್ಸೈಲೋಸ್ ತಿನ್ನಲು ಕಲಿಸಿದರು.

ಪ್ರಯೋಗಾಲಯದ ಈ ಗೆಲುವುಗಳು ಕಾರ್ಖಾನೆಯಲ್ಲಿ ಏನಾದವು? ಡುಪಾಂಟ್ ಕಂಪನಿಯ ಎರಡು ಘಟಕಗಳ ಕಥೆಯೇ ಉತ್ತರ. ಟೆನೆಸ್ಸಿಯ ಲೌಡನ್‌ನಲ್ಲಿ 2006ರಲ್ಲಿ ಟೇಟ್ ಆ್ಯಂಡ್ ಲೈಲ್ ಜೊತೆ ಕಟ್ಟಿದ ಘಟಕಕ್ಕೆ ಆಹಾರ ಮೆಕ್ಕೆಜೋಳದ ಕಾಳಿನ ಶುದ್ಧ ಗ್ಲುಕೋಸ್. ಅಲ್ಲಿ ಮಾರ್ಪಟ್ಟ ಇ. ಕೋಲೈ ತಯಾರಿಸುವ ಪ್ರೊಪೇನ್‌ಡಯಾಲ್ ಎಂಬ ರಾಸಾಯನಿಕ 'ಸೊರೋನ' ನೂಲಾಗಿ ಬಟ್ಟೆಗೂ ಕಾರ್ಪೆಟ್‌ಗೂ ಹೋಯಿತು. ಅಯೋವಾದ ನೆವಾಡಾ ಪಟ್ಟಣದಲ್ಲಿ 2015ರಲ್ಲಿ ತೆರೆದ ಘಟಕಕ್ಕೆ ಆಹಾರ ಅದೇ ಬೆಳೆಯ ದಂಟು, ಕೆಲಸಗಾರ ಝೈಮೊಮೊನಾಸ್, ಗುರಿ ವರ್ಷಕ್ಕೆ 3 ಕೋಟಿ ಗ್ಯಾಲನ್ ಎಥೆನಾಲ್. ಡೌ ಕಂಪನಿಯ ಜೊತೆ ವಿಲೀನವಾದ ಮೇಲೆ, 2017ರಲ್ಲೇ, ಕಂಪನಿ ಅದನ್ನು ಕೈಬಿಟ್ಟಿತು.

ಬ್ಯಾಕ್ಟೀರಿಯಾವನ್ನು ದೂರುವುದು ತಪ್ಪು. ಕಾಳಿನ ಸಕ್ಕರೆ ಸುಲಭದಲ್ಲಿ ಬಿಡಿಸಿಕೊಳ್ಳುತ್ತದೆ. ದಂಟಿನದ್ದು ಲಿಗ್ನಿನ್ ಎಂಬ ಗಟ್ಟಿ ಅಂಟಿನ ಹಿಡಿತದಲ್ಲಿರುತ್ತದೆ. ಹೊಲದಿಂದ ಮಣ್ಣು ಸಮೇತ ದಂಟು ಸಾಗಿಸಬೇಕು, ಶಾಖ, ರಾಸಾಯನಿಕಗಳಿಂದ ಮೆತ್ತಗಾಗಿಸಬೇಕು, ಕಿಣ್ವ ಹಾಕಿ ಒಡೆಯಬೇಕು. ಈ ಹಾದಿಯಲ್ಲಿ ಹುಟ್ಟುವ ಫರ್ಫ್ಯುರಾಲ್, ಅಸಿಟಿಕ್ ಆಮ್ಲಗಳು ಬ್ಯಾಕ್ಟೀರಿಯಾವನ್ನೇ ಕುಗ್ಗಿಸುತ್ತವೆ. ಜೀನ್ ಕಸಿಯಷ್ಟೇ ಹಣ, ಆಸಕ್ತಿ ಈ ಮೊದಲ ಹಂತಕ್ಕೂ ಹರಿಯದೆ ಬೇರೆ ದಾರಿಯಿಲ್ಲ.

ನೆವಾಡಾದ ಮುಚ್ಚಿದ ಘಟಕವನ್ನು ಜರ್ಮನಿಯ ವರ್ಬಿಯೊ ಕಂಪನಿ 2018ರಲ್ಲಿ ಕೊಂಡು, ದಂಟಿನಿಂದ ಜೈವಿಕ ಅನಿಲ ತಯಾರಿಸಹೊರಟಿತು. ಪಂಜಾಬಿನ ಲೆಹರಾಗಾಗಾದಲ್ಲಿ ಅದೇ ಕಂಪನಿಯ ಇನ್ನೊಂದು ಘಟಕ 2022ರಲ್ಲಿ ಉದ್ಘಾಟನೆಯಾಗಿದೆ. ಅಲ್ಲಿನ ಕಚ್ಚಾವಸ್ತು ಭತ್ತದ ಹುಲ್ಲು.