ಒದೆತ ಜೋರು, ಏಟು ಹಗುರ

ಮೊಬೈಲಿನಿಂದ ಮೊಬೈಲಿಗೆ ದಾಟುವ ಆ ವಿಡಿಯೊಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಕಪ್ಪು ಲೋಹದ ಪಿಸ್ತೂಲು, ಟ್ರಿಗರ್ ಒತ್ತಿದೊಡನೆ ಮೇಲಿನ ಸ್ಲೈಡ್ ರಪ್ಪನೆ ಹಿಂದಕ್ಕೆ ಹೋಗಿ ಮುಂದಕ್ಕೆ ಬರುತ್ತದೆ, ಹಿಡಿದ ಕೈ ಅದುರುತ್ತದೆ. ನೋಡಿದವರ ತೀರ್ಪೂ ಒಂದೇ: ‘ಸ್ಲೈಡ್ ಒದೀತಾ ಇದೆ ಅಂದ್ಮೇಲೆ ಇದು ಅಸಲೀನೇ ಕಣಪ್ಪ’. ಮಂಡ್ಯ ಜಿಲ್ಲೆಯ ಪಾಲಹಳ್ಳಿಯ ಟೀ ಅಂಗಡಿಯಿರಲಿ, ಬೆಂಗಳೂರಿನ ಕಾಲೇಜಿರಲಿ, ಈ ನಂಬಿಕೆಗೆ ಓದು ಬರಹದ ಭೇದವಿಲ್ಲ. ಇನ್ನೂ ಸ್ವಲ್ಪ ತಿಳಿದವರು ‘ನಕಲಿ ಇರಬಹುದು, ಆದರೆ ಒದೆತ ಇರುವುದಕ್ಕೆ ಪವರ್ ಜಾಸ್ತಿ’ ಎಂದು ಸೇರಿಸುತ್ತಾರೆ. ಎರಡೂ ತಪ್ಪು. ಎರಡನೆಯದಂತೂ ತಲೆಕೆಳಗಾದ ತಪ್ಪು.

ಆ ವಸ್ತುವಿನ ಹೆಸರು ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್. ಸಾಮಾನ್ಯರ ಕೈಗೆ ಬಂದೂಕು ಸಿಗದ ಜಪಾನಿನಲ್ಲಿ 1970ರ ದಶಕದಲ್ಲಿ ಏರ್‌ಸಾಫ್ಟ್ ಹುಟ್ಟಿತು. ಅದು ಹಾರಿಸುವುದು 6 ಮಿ.ಮೀ. ಪ್ಲಾಸ್ಟಿಕ್ ಗುಂಡನ್ನು. ನಮ್ಮ ಜಾತ್ರೆಗಳಲ್ಲಿ ಮಕ್ಕಳು ಹಟ ಮಾಡಿ ಕೊಡಿಸಿಕೊಳ್ಳುವ ಸ್ಪ್ರಿಂಗ್ ಪಿಸ್ತೂಲಿನ ಹಳದಿ ಗುಂಡೂ ಅದೇ ಅಳತೆಯದು.

ಒದೆತ ಎಲ್ಲಿಂದ ಬರುತ್ತದೆ? ಮ್ಯಾಗಜಿನ್ನಿನೊಳಗೆ ದ್ರವರೂಪದ ಗ್ಯಾಸ್ ಇರುತ್ತದೆ, ಹೆಚ್ಚಾಗಿ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್ ಅಥವಾ ಎಚ್‌ಎಫ್‌ಸಿ-134ಎ. ಟ್ರಿಗರ್ ಒತ್ತಿದರೆ ಒಳಗಿನ ಸುತ್ತಿಗೆ ಕವಾಟಕ್ಕೆ ಬಡಿಯುತ್ತದೆ. ನುಗ್ಗಿದ ಗ್ಯಾಸ್ ಮೊದಲು ಗುಂಡನ್ನು ಮುಂದಕ್ಕೆ ತಳ್ಳುತ್ತದೆ. ಗುಂಡು ನಳಿಕೆಯಲ್ಲಿ ಸಾಗುತ್ತಿರುವಾಗಲೇ ಒಳಗಿನ ಪುಟ್ಟ ಕವಾಟವೊಂದು ಸರಿದು ಉಳಿದ ಗ್ಯಾಸನ್ನು ಹಿಂದಕ್ಕೆ ತಿರುಗಿಸುತ್ತದೆ. ಆ ಗ್ಯಾಸ್ ಸ್ಲೈಡನ್ನು ಹಿಂದಕ್ಕೆ ದೂಡುತ್ತದೆ, ಸ್ಲೈಡ್ ಸುತ್ತಿಗೆಯನ್ನು ಮತ್ತೆ ಮೀಟಿ ನಿಲ್ಲಿಸುತ್ತದೆ, ಸ್ಪ್ರಿಂಗು ಸ್ಲೈಡನ್ನು ಮುಂದಕ್ಕೆಳೆದು ಮುಂದಿನ ಗುಂಡನ್ನು ಕೂರಿಸುತ್ತದೆ. ಅಂದರೆ ಕೈಗೆ ತಾಕುವ ಒದೆತ ಗುಂಡಿನ ಬಲದ ಗುರುತಲ್ಲ, ಸ್ಲೈಡ್ ಓಡಿಸಲು ಬೇರೆಯಾಗಿ ಖರ್ಚು ಮಾಡಿದ ಗ್ಯಾಸಿನ ಗುರುತು. ಆ ಗ್ಯಾಸ್ ಗುಂಡಿಗೆ ಒಂದಿಷ್ಟೂ ವೇಗ ಕೊಡುವುದಿಲ್ಲ. ಸ್ಲೈಡ್ ಅಲುಗಾಡದ ಪಿಸ್ತೂಲು ಅದೇ ಮ್ಯಾಗಜಿನ್ ಗ್ಯಾಸಿನಲ್ಲಿ ಹೆಚ್ಚು ಗುಂಡು ಹಾರಿಸುವುದು ಇದೇ ಕಾರಣಕ್ಕೆ.

ಬಲವನ್ನು ಅಳೆಯುವುದು ಜೌಲ್ ಲೆಕ್ಕದಲ್ಲಿ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೌಲ್. ಜಪಾನ್ 2006ರಲ್ಲಿ ಕಾನೂನು ಬಿಗಿ ಮಾಡಿ ಅಲ್ಲಿನ ಏರ್‌ಸಾಫ್ಟಿಗೆ ಸುಮಾರು ಇಷ್ಟೇ ಮಿತಿ ಹಾಕಿತು. ಪೊಲೀಸರ 9 ಮಿ.ಮೀ. ಪಿಸ್ತೂಲಿನ ಗುಂಡಿನ ಶಕ್ತಿ ಸುಮಾರು 500 ಜೌಲ್. ಐನೂರು ಪಟ್ಟು ವ್ಯತ್ಯಾಸ ಇರುವ ಎರಡು ವಸ್ತುಗಳನ್ನು ಸ್ಲೈಡಿನ ಅಲುಗಾಟ ನೋಡಿ ‘ಹತ್ತಿರ ಹತ್ತಿರ ಒಂದೇ’ ಎನ್ನುವುದನ್ನು ಕೇಳಿಸಿಕೊಂಡು ಸುಮ್ಮನಿರುವುದು ಕಷ್ಟ.

ಸತತವಾಗಿ ಹತ್ತಿಪ್ಪತ್ತು ಗುಂಡು ಹಾರಿಸಿದರೆ ಈ ಪಿಸ್ತೂಲಿನ ನಿಜ ಸ್ವಭಾವ ಬಯಲಾಗುತ್ತದೆ. ಮದುವೆ ಮನೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರಿನ ಹೊರಮೈ ಬೆವರಿ ತಣ್ಣಗಾಗುವಂತೆ ಮ್ಯಾಗಜಿನ್ ತಣ್ಣಗಾಗುತ್ತದೆ. ದ್ರವ ಆವಿಯಾಗಲು ಬೇಕಾದ ಶಾಖ ಅದರ ಮೈಯಿಂದಲೇ ಹೋಗುತ್ತದೆ. ಒತ್ತಡ ಕುಸಿದು ಸ್ಲೈಡ್ ಸೋಮಾರಿಯಾಗುತ್ತದೆ, ಗುಂಡು ಹತ್ತಿರದಲ್ಲೇ ಬೀಳುತ್ತದೆ. ಬಿಸಿಲಲ್ಲಿ ಇದರ ತಿರುಗುಮುರುಗು: ಒತ್ತಡ ಏರುತ್ತದೆ. ಆದ್ದರಿಂದ ಗ್ಯಾಸ್ ತುಂಬಿದ ಮ್ಯಾಗಜಿನ್ನನ್ನು ಮಂಡ್ಯದ ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟುಹೋಗುವುದು ಅಪಾಯ.

ಪಿಸ್ತೂಲಿನೊಳಗಿನ ಹಾಪ್-ಅಪ್ ಎಂಬ ರಬ್ಬರ್ ತುಣುಕನ್ನು ಬಿಗಿ ಮಾಡಿದರೆ ಪವರ್ ಹೆಚ್ಚುತ್ತದೆ ಎಂಬುದೂ ಸುಳ್ಳು. ಅದು ಗುಂಡಿಗೆ ಹಿಮ್ಮುಖ ತಿರುಗು ಕೊಟ್ಟು ಹೆಚ್ಚು ದೂರ ತೇಲಿಸುತ್ತದೆ, ಅಷ್ಟೆ. ವಿಡಿಯೊದಲ್ಲಿ ಮೂತಿಯಿಂದ ಬೆಂಕಿ ಚಿಮ್ಮುವುದೂ ಅಸಲಿ ಎನ್ನುವುದಕ್ಕೆ ಪುರಾವೆಯಲ್ಲ. 2021ರ ಅಕ್ಟೋಬರಿನಲ್ಲಿ ಅಮೆರಿಕದ ‘ರಸ್ಟ್’ ಚಿತ್ರೀಕರಣದಲ್ಲಿ ಅಸಲಿ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಅದಾದ ಕೂಡಲೇ ‘ದ ರೂಕಿ’ ಎಂಬ ಧಾರಾವಾಹಿಯವರು ಇನ್ನು ಮುಂದೆ ಏರ್‌ಸಾಫ್ಟನ್ನೇ ಬಳಸಿ ಬೆಂಕಿಯನ್ನು ಕಂಪ್ಯೂಟರಿನಲ್ಲಿ ಸೇರಿಸುವುದಾಗಿ ಪ್ರಕಟಿಸಿದರು. ಇವತ್ತು ಆ ಕೆಲಸಕ್ಕೆ ಫೋನು ಸಾಕು.

ಇಷ್ಟು ಹೇಳಿದ ಮೇಲೆ ಜನ ಇನ್ನೊಂದು ತುದಿಗೆ ಜಾರುತ್ತಾರೆ: ‘ಹಾಗಾದರೆ ಆಟಿಕೆ ತಾನೆ, ಯಾರೇನು ಮಾಡುತ್ತಾರೆ?’ ಚರ್ಮಕ್ಕೆ ಬರೀ ಬರೆ ಬೀಳಿಸುವ ಅದೇ 1 ಜೌಲ್ ಕಣ್ಣಿಗೆ ತಗುಲಿದರೆ ಒಳಗೆ ರಕ್ತಸ್ರಾವವಾಗಿ ದೃಷ್ಟಿಯೇ ಹೋಗಬಹುದು. ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ನೋಡಲು ಬಂದೂಕಿನಂತಿರುವ ಯಾವುದೇ ವಸ್ತು, ಅದು ಗುಂಡು ಹಾರಿಸಲಿ ಬಿಡಲಿ, ನಕಲಿ ಬಂದೂಕೇ. ಬಂಧನ ತಪ್ಪಿಸಿಕೊಳ್ಳಲು ಅದನ್ನು ತೋರಿಸಿದರೂ ಏಳು ವರ್ಷದವರೆಗೆ ಜೈಲು. 2024ರಲ್ಲಿ ಬೆಂಗಳೂರಿನ ಕೊತ್ತನೂರು ಪೊಲೀಸರು ರೀಲ್ಸ್‌ಗಾಗಿ ನಕಲಿ ಎಕೆ-47 ಹಿಡಿದ ಅಂಗರಕ್ಷಕರೊಂದಿಗೆ ಬೀದಿಯಲ್ಲಿ ತಿರುಗಿದ ಯುವಕನೊಬ್ಬನನ್ನು ಬಂಧಿಸಿದರು. ದಾರಿಹೋಕರು ಹೆದರಿದ್ದು ಜೌಲ್ ಲೆಕ್ಕ ಹಾಕಿ ಅಲ್ಲ, ಆಕಾರ ನೋಡಿ.

ಏರ್‌ಸಾಫ್ಟ್ ಬಿಟ್ಟು ಏರ್‌ಗನ್ ವಿಷಯಕ್ಕೆ ಬಂದರೆ ನಮ್ಮ ಸೀಮೆಯ ಮೂಢನಂಬಿಕೆ ಇನ್ನೂ ಹಾನಿಕರ. 2016ರ ಶಸ್ತ್ರ ನಿಯಮಗಳಲ್ಲಿ 20 ಜೌಲ್ ಮೀರದ 0.177 ಇಂಚಿನ ಏರ್‌ಗನ್ನಿಗೆ ಲೈಸೆನ್ಸ್ ಬೇಡ ಎಂದಿರುವುದನ್ನೇ ಹಿಡಿದುಕೊಂಡು, ಕೊಕ್ಕರೆ ಹೊಡೆಯಲೂ ಅನುಮತಿ ಸಿಕ್ಕಿತೆಂದು ತಿಳಿದವರಿದ್ದಾರೆ. ಪಾಲಹಳ್ಳಿಯ ಪಕ್ಕದಲ್ಲೇ ರಂಗನತಿಟ್ಟು ಇದೆ, 1940ರಿಂದ ಪಕ್ಷಿಧಾಮ. 1972ರ ವನ್ಯಜೀವಿ ಕಾಯ್ದೆಯಂತೆ ಲಿಖಿತ ಅನುಮತಿಯಿಲ್ಲದೆ ಯಾವ ಆಯುಧದೊಂದಿಗೂ ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ, ಮತ್ತು ಪ್ರಾಣಿಗೆ ಗಾಯ ಮಾಡಬಲ್ಲ ಯಾವುದೇ ಸಾಧನ ಅಲ್ಲಿ ಆಯುಧವೇ. ಬಲೆಯೂ ಆಯುಧ, ಏರ್‌ಗನ್ನೂ ಆಯುಧ.

ಫೋನಿನಲ್ಲಿ ಕಂಡದ್ದನ್ನು ನಂಬುವುದಕ್ಕೆ ಎರಡು ಸೆಕೆಂಡು ಸಾಕಾಗುತ್ತದೆ, ವಿಚಾರಿಸುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ಊರಿಗೆ ಕಳ್ಳರ ಗುಂಪು ಬಂದಿದೆ ಎಂಬ ಸಂದೇಶವೂ ಪಿಸ್ತೂಲಿನ ವಿಡಿಯೊವೂ ಒಂದೇ ದಾರಿಯಲ್ಲಿ ಹರಡುತ್ತವೆ. ಅಂಥದ್ದು ನಿಮ್ಮ ಫೋನಿಗೆ ಬಂದರೆ ದಾಟಿಸಬೇಡಿ. ಮನೆಯ ಹುಡುಗರ ಕೈಗೆ ಇಂಥ ಪಿಸ್ತೂಲು ಬಂದಿದ್ದರೆ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿ, ಅದನ್ನು ಹಿಡಿದು ಬೀದಿಗೆ ಇಳಿಯಲು ಬಿಡಬೇಡಿ.