ಬೆಂಕಿಯುಗುಳಿದ ದ್ವೀಪಗಳಲ್ಲಿ ಎಂಟು ದಿನ

ರಾತ್ರಿಯ ಊಟ ಮುಗಿಸಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಕುಳಿತಿದ್ದೆ. ಮದುವೆಯಾಗಿ ಬ್ರಿಟನ್ ಸೇರಿರುವ ನನ್ನ ತಂಗಿಯ ಮಗಳ ಫೋನ್ ಬಂತು. ಸಲಾಮ್ ಮುಗಿಯುವ ಮೊದಲೇ ಅವಳ ಪ್ರಶ್ನೆ:

"ಖಾಲಾ, ಇಲ್ಲಿಂದ ಕಿಬ್ಲಾ ಯಾವ ಕಡೆಗೆ ಬರುತ್ತದೆ? ಅಸರ್ ಹೊತ್ತು ಮೀರುತ್ತಿದೆ, ಮೊಬೈಲಿನಲ್ಲಿ ಭೂಪಟ ತೆರೆಯುತ್ತಿಲ್ಲ."

"ಇಲ್ಲಿಂದ ಎಂದರೆ ಎಲ್ಲಿಂದ ಮಗಳೇ?"

"ಕ್ಯಾನರಿ ದ್ವೀಪದಿಂದ. ಜ್ವಾಲಾಮುಖಿಯ ಪಕ್ಕದಲ್ಲಿ ನಿಂತಿದ್ದೇನೆ."

ತರಗತಿಯ ಗೋಡೆಯಲ್ಲಿರುವ ಭೂಪಟವನ್ನು ನೆನಪಿಸಿಕೊಂಡು, "ಹೆಚ್ಚು ಕಡಿಮೆ ನೇರ ಪೂರ್ವಕ್ಕೆ ನಿಲ್ಲು, ಸೂರ್ಯನಿಗೆ ಬೆನ್ನು ಹಾಕಿದರೆ ಸಾಕು" ಎಂದೆ. ಹುಟ್ಟಿದಂದಿನಿಂದ ಪಶ್ಚಿಮಕ್ಕೆ ಮುಖ ಮಾಡಿ ನಮಾಝ್ ಮಾಡಿದವರು ನಾವು. ಪೂರ್ವಕ್ಕೆ ಮುಖ ಮಾಡಬೇಕಾದ ನೆಲಕ್ಕೆ ನಮ್ಮ ಮನೆಯ ಹುಡುಗಿಯೊಬ್ಬಳು ಹೋಗಿ ಮುಟ್ಟಿದ್ದಾಳೆಂದು ನನಗೆ ಆಗ ಹೊಳೆಯಿತು.

ಅವಳು ಹೋದದ್ದು ಒಂಟಿಯಾಗಿ ಅಲ್ಲ. ಗಂಡ, ಅತ್ತೆ ಮತ್ತು ಇಬ್ಬರು ಮಕ್ಕಳೊಂದಿಗೆ ಹದಿನಾಲ್ಕು ಮಂದಿಯ ಗುಂಪಿನಲ್ಲಿ. ಅಲ್ಲಿ ಪ್ರವಾಸ ಸಲಹೆಗಾರರು ಎಂಬ ವೃತ್ತಿಯವರಿದ್ದಾರೆ. ನಮ್ಮಲ್ಲಿ ಉಮ್ರಾ ಗುಂಪನ್ನು ಕರೆದೊಯ್ಯುವವರಂತೆ ವೀಸಾ, ವಿಮಾನ, ಹೋಟೆಲು, ಹಡಗು ಎಲ್ಲವನ್ನೂ ಹೊಂದಿಸುತ್ತಾರೆ. ಕೆಲವೊಮ್ಮೆ ತಾವೇ ಗುಂಪಿನ ಜೊತೆ ಬರುತ್ತಾರೆ. ಈ ಗುಂಪಿನ ಸಲಹೆಗಾರ್ತಿ ವಯಸ್ಸಾದ ಮಹಿಳೆ, ಆ ದ್ವೀಪಗಳನ್ನು ಹಲವು ಸಲ ಸುತ್ತಿದವರು. ಊರಿಗೆ ಬಂದಾಗ ನನ್ನ ಸೋದರಿಯ ಮಗಳು ಮೂರು ಸಂಜೆ ಕುಳಿತು ಹೇಳಿದ ಸುದ್ದಿಯನ್ನು ನಾನು ಓದಿ ತಿಳಿದದ್ದರ ಜೊತೆ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಭೂಪಟ ಇದ್ದರೆ ಬಿಡಿಸಿ ನೋಡಿ. ಮೊರಾಕ್ಕೋದ ದಕ್ಷಿಣದ ತೀರದಿಂದ ಸುಮಾರು ನೂರು ಕಿಲೋಮೀಟರ್ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಚುಕ್ಕಿಗಳಂತೆ ಕಾಣುವವೇ ಕ್ಯಾನರಿ ದ್ವೀಪಗಳು. ಆಳುವುದು ಸ್ಪೇನ್, ಹತ್ತಿರವಿರುವುದು ಆಫ್ರಿಕಾ. ದೊಡ್ಡವು ಏಳು, ಪುಟ್ಟ ಲಾ ಗ್ರಾಸಿಯೋಸಾವನ್ನು 2018ರಲ್ಲಿ ಎಂಟನೆಯದೆಂದು ಒಪ್ಪಿಕೊಳ್ಳಲಾಯಿತು. ಎಲ್ಲವೂ ಸಮುದ್ರದ ತಳದಿಂದ ಉಕ್ಕಿ ಬಂದ ಲಾವಾ ಗಟ್ಟಿಯಾಗಿ ಎದ್ದ ನೆಲ. ಲಾವಾ ಎಂದರೆ ನಮಗೆ ಅಪರಿಚಿತವೇನಲ್ಲ. ವಿಜಯಪುರದ ಕಡೆಯ ಕಪ್ಪು ಮಣ್ಣು, ಗೋಲ ಗುಮ್ಮಟದ ಕಪ್ಪು ಕಲ್ಲು ಆರು ಕೋಟಿ ವರ್ಷಗಳಿಗೂ ಹಿಂದಿನ ಲಾವಾದಿಂದಲೇ ಆದವು. ನಮ್ಮದು ಎಂದೋ ತಣ್ಣಗಾಗಿದೆ, ಅವರದು ಇನ್ನೂ ಬಿಸಿಯಾಗಿದೆ, ಅಷ್ಟೇ.

ಅರಬ್ ಭೂಗೋಳ ಪಂಡಿತರಿಗೆ ಈ ದ್ವೀಪಗಳ ಪರಿಚಯವಿತ್ತು. 'ಅಲ್ ಜಝಾಇರುಲ್ ಖಾಲಿದಾತ್', ಅಂದರೆ ಶಾಶ್ವತ ದ್ವೀಪಗಳು ಎಂದು ಕರೆದರು. ಗ್ರೀಕರ ಟಾಲೆಮಿಯನ್ನು ಅನುಸರಿಸಿ ಅವರಲ್ಲಿ ಕೆಲವರು ರೇಖಾಂಶವನ್ನು ಇಲ್ಲಿಂದಲೇ ಎಣಿಸತೊಡಗಿದರು. ಇಂದು ಗ್ರೀನಿಚ್ ಇರುವ ಸ್ಥಾನದಲ್ಲಿ ಅಂದು ಈ ದ್ವೀಪಗಳಿದ್ದವು. ಸಿಸಿಲಿಯ ರಾಜ ರೋಜರನಿಗಾಗಿ 1154ರಲ್ಲಿ ತನ್ನ ಗ್ರಂಥ ಮುಗಿಸಿದ ಅಲ್ ಇದ್ರೀಸಿ ಒಂದು ಸ್ವಾರಸ್ಯದ ಪ್ರಸಂಗ ಹೇಳುತ್ತಾನೆ. ಮುಸ್ಲಿಮರ ಆಳ್ವಿಕೆಯಲ್ಲಿದ್ದ ಲಿಸ್ಬನ್ನಿನಿಂದ ಎಂಟು ಮಂದಿ ದಾಯಾದಿ ಸಹೋದರರು ಸಾಗರದ ಕೊನೆ ಎಲ್ಲಿದೆಯೆಂದು ನೋಡಲು ಹಡಗು ಕಟ್ಟಿಕೊಂಡು ಹೊರಟರು. ಕುರಿಗಳೇ ತುಂಬಿದ್ದ ಒಂದು ದ್ವೀಪ ಸಿಕ್ಕಿತು, ಆದರೆ ಅವುಗಳ ಮಾಂಸ ಬಾಯಿಗಿಡಲಾಗದಷ್ಟು ಕಹಿ. ಮುಂದಿನ ದ್ವೀಪದಲ್ಲಿ ಜನರು ಅವರನ್ನು ಹಿಡಿದು, ಕಣ್ಣಿಗೆ ಬಟ್ಟೆ ಕಟ್ಟಿ ಆಫ್ರಿಕಾದ ತೀರದಲ್ಲಿ ಬಿಟ್ಟು ಹೋದರು. ಆ ದ್ವೀಪಗಳು ಇವೇ ಇರಬಹುದೆಂದು ಊಹಿಸುವ ವಿದ್ವಾಂಸರಿದ್ದಾರೆ. ಸಲಹೆಗಾರರಿಲ್ಲದೆ ಹೊರಟ ಗುಂಪು ಪ್ರವಾಸ ಅದು!

ಇಲ್ಲಿಯ ಮೂಲನಿವಾಸಿಗಳನ್ನು ಗುವಾಂಚೆಗಳು ಎನ್ನುತ್ತಾರೆ. ಉತ್ತರ ಆಫ್ರಿಕಾದ ಬರ್ಬರರ ವಂಶದವರು. 1402ರಿಂದ 1496ರ ತನಕ ನಡೆದ ಸ್ಪ್ಯಾನಿಷ್ ಆಕ್ರಮಣದಲ್ಲಿ ಅವರ ರಾಜ್ಯಗಳು ಅಳಿದವು, ಬಹಳಷ್ಟು ಮಂದಿ ಗುಲಾಮರಾದರು. ಉಳಿದುಕೊಂಡದ್ದರಲ್ಲಿ ಒಂದು 'ಗೋಫಿಯೋ', ಧಾನ್ಯವನ್ನು ಹುರಿದು ಬೀಸಿದ ಹಿಟ್ಟು. "ಖಾಲಾ, ಅದು ನಮ್ಮ ಹುರಿಹಿಟ್ಟೇ!" ಎಂದಳು ನನ್ನ ಹುಡುಗಿ. ಲಾ ಗೊಮೇರಾ ದ್ವೀಪದಲ್ಲಿ ಆಳವಾದ ಕಣಿವೆಗಳ ಆಚೆಗೆ ಸಿಳ್ಳೆಯಲ್ಲೇ ಮಾತಾಡುವ ಭಾಷೆಯೂ ಉಳಿದಿದೆ. 1999ರಿಂದ ಅಲ್ಲಿಯ ಶಾಲೆಗಳಲ್ಲಿ ಅದನ್ನು ಕಲಿಸುತ್ತಾರೆ.

ಮೊದಲು ಇಳಿದದ್ದು ಲಾಂಜರೋಟೆಯಲ್ಲಿ. 1730ರ ಸೆಪ್ಟೆಂಬರ್ 1ರಂದು ಆ ದ್ವೀಪದ ನೆಲ ಬಿರಿಯಿತು. 1736ರ ಏಪ್ರಿಲ್ ವರೆಗೆ, ಆರು ವರ್ಷಗಳ ಹತ್ತಿರ ಬೆಂಕಿ ಆರಲಿಲ್ಲ. ದ್ವೀಪದ ಕಾಲು ಭಾಗದಷ್ಟು, ಅದೂ ಒಳ್ಳೆಯ ಬೇಸಾಯದ ಭೂಮಿ, ಲಾವಾದಡಿ ಸೇರಿತು. ಯೈಸಾ ಎಂಬ ಊರಿನ ಪಾದ್ರಿ ಬರೆದಿಟ್ಟ ದಿನಚರಿಯಿಂದ ಅಂದಿನ ಕಷ್ಟ ನಮಗೆ ತಿಳಿದಿದೆ. ಇಂದು ಅದು ತಿಮನ್‌ಫಾಯಾ ರಾಷ್ಟ್ರೀಯ ಉದ್ಯಾನ. ಹೆಸರಿಗೆ ಉದ್ಯಾನ, ಮರವಿಲ್ಲ. ಕೆಂಪು, ಕಪ್ಪು, ಕಂದು ಬಣ್ಣದ ಗುಡ್ಡಗಳು. ಬೇಕಾದಲ್ಲಿ ನಡೆದಾಡಲು ಬಿಡುವುದಿಲ್ಲ, ಬಸ್ಸಿನಲ್ಲಿ ಕುಳಿತೇ ನೋಡಬೇಕು. ಒಂದು ಕಡೆ ಸಿಬ್ಬಂದಿ ನೆಲದಲ್ಲಿ ಹೂತ ಕೊಳವೆಗೆ ಒಂದು ಬಕೆಟ್ ನೀರು ಸುರಿಯುತ್ತಾರೆ. ಕ್ಷಣದಲ್ಲಿ ಅದು ಆವಿಯಾಗಿ ಅಬ್ಬರಿಸಿ ಮೇಲೆ ಚಿಮ್ಮುತ್ತದೆ. ಗುಂಡಿಗೆ ಒಣ ಪೊದೆ ಹಾಕಿದರೆ ಕಡ್ಡಿ ಗೀರದೆಯೇ ಹತ್ತಿಕೊಳ್ಳುತ್ತದೆ. ಪಕ್ಕದ ಹೋಟೆಲಿನಲ್ಲಿ ಭೂಮಿಯ ಬಿಸಿಯಲ್ಲೇ ಮಾಂಸ ಸುಡುತ್ತಾರೆ. ಮಕ್ಕಳು ಅಲ್ಲಿಂದ ಕದಲಲೊಪ್ಪಲಿಲ್ಲವಂತೆ.

ನನ್ನ ಮನಸ್ಸನ್ನು ಸೆಳೆದದ್ದು ಬೇರೆ. ಗದ್ದೆ ಹೋಯಿತು, ಮಳೆಯಂತೂ ಮೊದಲೇ ಇಲ್ಲ. ಆ ರೈತರು ಏನು ಮಾಡಿದರು ಗೊತ್ತೇ? ಜ್ವಾಲಾಮುಖಿಯ ಕರಿ ಹರಳು ರಾತ್ರಿಯ ಇಬ್ಬನಿ ಹೀರುತ್ತದೆ, ಹಗಲಲ್ಲಿ ಕೆಳಗಿನ ತೇವ ಆರದಂತೆ ಕಾಯುತ್ತದೆ ಎಂದು ಕಂಡುಕೊಂಡರು. ಹರಳನ್ನು ಅಗೆದು, ಹಳೆಯ ಮಣ್ಣು ಸಿಗುವ ತನಕ ಬಾಣಲೆಯಂಥ ಗುಂಡಿ ತೋಡಿ, ಒಂದೊಂದರಲ್ಲಿ ಒಂದೊಂದು ದ್ರಾಕ್ಷಿ ಬಳ್ಳಿ ನೆಟ್ಟರು. ಗಾಳಿ ಬರುವ ಕಡೆಗೆ ಅರ್ಧಚಂದ್ರಾಕಾರದ ಕಲ್ಲಿನ ಗೋಡೆ. ಲಾ ಜೇರಿಯಾ ಎಂಬಲ್ಲಿ ಇಂಥ ಗುಂಡಿಗಳು ಕಣ್ಣು ಹಾಯುವಷ್ಟು ದೂರ. ಈರುಳ್ಳಿ, ಸಿಹಿಗೆಣಸುಗಳನ್ನೂ ಹರಳಿನ ಹೊದಿಕೆಯಡಿಯೇ ಬೆಳೆಯುತ್ತಾರೆ. ಆ ದ್ರಾಕ್ಷಿಯೆಲ್ಲ ಹೆಚ್ಚಾಗಿ ಮದ್ಯಕ್ಕೆ ಹೋಗುತ್ತದೆ ಎನ್ನುವುದು ಬೇಸರದ ಸಂಗತಿ. ಪ್ರವಾಸ ಪಟ್ಟಿಯಲ್ಲಿದ್ದ 'ರುಚಿ ನೋಡುವ' ಒಂದು ಗಂಟೆಯಲ್ಲಿ ಇವರು ಹೊರಗಡೆ ಗುಂಡಿಗಳ ನಡುವೆ ತಿರುಗಿದರಂತೆ.

ಸೆಸಾರ್ ಮನ್ರಿಕೆ ಎಂಬ ಕಲಾವಿದನನ್ನೂ ಹೇಳಬೇಕು. 1919ರಲ್ಲಿ ಇದೇ ದ್ವೀಪದಲ್ಲಿ ಹುಟ್ಟಿದವನು, ಲಾವಾದ ಗುಳ್ಳೆಗಳೊಳಗೇ ಮನೆ ಕಟ್ಟಿಕೊಂಡವನು. ಪ್ರವಾಸಿಗರು ಬರತೊಡಗಿದಾಗ ಗಗನಚುಂಬಿ ಹೋಟೆಲುಗಳು ಏಳದಂತೆ, ಊರ ಮನೆಗಳು ಬಿಳಿಯಾಗಿ ತಗ್ಗಾಗಿಯೇ ಉಳಿಯುವಂತೆ ಹೋರಾಡಿದ. 1992ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ.

ತೆನೆರೀಫೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅಲ್ಲಿಯ ತೆಯಿದೆ ಪರ್ವತ 3,715 ಮೀಟರ್, ಇಡೀ ಸ್ಪೇನಿನಲ್ಲೇ ಎತ್ತರ. 3,555 ಮೀಟರ್ ತನಕ ತಂತಿ ತೊಟ್ಟಿಲು ಒಯ್ಯುತ್ತದೆ. ಅಲ್ಲಿ ಗಾಳಿ ತೆಳು, ಬಿ.ಪಿ. ಇರುವ ಅತ್ತೆಯನ್ನು ಸಲಹೆಗಾರ್ತಿ ಕೆಳಗೇ ಕುಳ್ಳಿರಿಸಿದ್ದು ಸರಿಯಾಯಿತು.

ಕೊನೆಯ ಎರಡು ದಿನ ಲಾ ಪಾಲ್ಮಾಕ್ಕೆ. ಇಲ್ಲಿ ಗುಂಪಿನೊಳಗೇ ಒಂದು ಜಗಳವಾಯಿತು. 2021ರ ಸೆಪ್ಟೆಂಬರ್ 11ರಿಂದ ಆ ದ್ವೀಪ ಸಣ್ಣ ಸಣ್ಣ ಕಂಪನಗಳಿಂದ ನಡುಗುತ್ತಿತ್ತು. 19ರಂದು ಕುಂಬ್ರೆ ವಿಯೇಹಾ ಬೆಟ್ಟ ಸೀಳಿತು. 85 ದಿನ, ಡಿಸೆಂಬರ್ 13ರವರೆಗೆ ಲಾವಾ ಹರಿಯಿತು. ಏಳು ಸಾವಿರದಷ್ಟು ಮಂದಿ ಮನೆ ಬಿಟ್ಟು ಹೊರಟರು. ಸಾವಿರದ ಆರುನೂರಕ್ಕೂ ಹೆಚ್ಚು ಕಟ್ಟಡಗಳು, ಬಾಳೆತೋಟಗಳು, ರಸ್ತೆಗಳು ಹೋದವು. ತೊದೋಕೆ ಎಂಬ ಊರಿನ ಚರ್ಚ್ ಗೋಪುರ ಲಾವಾಕ್ಕೆ ಬೀಳುವುದನ್ನು ಜಗತ್ತೆಲ್ಲ ಟಿ.ವಿ.ಯಲ್ಲಿ ನೋಡಿತು, ಆ ಊರು ಈಗಿಲ್ಲ. ಮುನ್ನೆಚ್ಚರಿಕೆ ಇದ್ದುದರಿಂದ ಜೀವಗಳು ಉಳಿದವು, ಆದರೆ ಸಾಮಾನು ತೆಗೆಯಲು ಹಲವರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಸಹೋದರಿ, ನಿಮಗೆ ಅಷ್ಟು ಹೊತ್ತು ಕೊಟ್ಟರೆ ಮನೆಯಿಂದ ಏನನ್ನು ಎತ್ತಿಕೊಳ್ಳುವಿರಿ? ಬೆಂಕಿ ಆರಿದ ಮೇಲೂ ಪುಯೆರ್ತೊ ನಾವೋಸ್ ಎಂಬಲ್ಲಿ ನೆಲದಿಂದ ವಿಷಾನಿಲ ಏಳುತ್ತಿತ್ತು. ಗೋಡೆ ಬಿರುಕು ಬಿಡದ ಮನೆಗಳಿಗೂ ಜನ ವರ್ಷಗಟ್ಟಲೆ ಹಿಂದಿರುಗಲಾಗಲಿಲ್ಲ.

ಗುಂಪಿನ ಕೆಲವರು, "ಇನ್ನೊಬ್ಬರ ಮನೆ ಹೂತುಹೋದ ಜಾಗಕ್ಕೆ ಫೋಟೋ ತೆಗೆಯಲು ಹೋಗುವುದು ಸರಿಯಲ್ಲ" ಎಂದರು. ಉಳಿದವರು, "ಹಣ ಕೊಟ್ಟು ಬಂದಿದ್ದೇವೆ" ಎಂದರು. ಸಲಹೆಗಾರ್ತಿ ವಾದಕ್ಕಿಳಿಯಲಿಲ್ಲ. ಸ್ಥಳೀಯ ಮಾರ್ಗದರ್ಶಿಯನ್ನೇ ಗೊತ್ತು ಮಾಡಿ, ಅಲ್ಲಿಯವರ ಸಣ್ಣ ಹೋಟೆಲಿನಲ್ಲೇ ಉಣ್ಣುವಂತೆ, ಅಲ್ಲಿಯ ಬಾಳೆಹಣ್ಣನ್ನೇ ಕೊಳ್ಳುವಂತೆ ಏರ್ಪಾಡು ಮಾಡಿದರು. ನೋಡಲು ಯಾರೂ ಬರದಿದ್ದರೆ ಈ ಜನ ಇನ್ನಷ್ಟು ಬಡವರಾಗುತ್ತಾರೆ, ಆದರೆ ನಗುತ್ತಾ ನಿಂತು ಫೋಟೋ ತೆಗೆಯಬೇಡಿ ಎಂದಷ್ಟೇ ಹೇಳಿದರು. ನನಗೂ ಅದೇ ಸರಿ ಕಾಣುತ್ತದೆ.

ಆದರೆ ಪ್ರವಾಸಿಗರ ಭಾರ ಸಣ್ಣದಲ್ಲ. ಸುಮಾರು 22 ಲಕ್ಷ ಜನರಿರುವ ಈ ದ್ವೀಪಗಳಿಗೆ 2024ರಲ್ಲಿ ಬಂದ ಪ್ರವಾಸಿಗರು 1.7 ಕೋಟಿಗೂ ಹೆಚ್ಚು. ಮನೆ ಬಾಡಿಗೆ ಏರಿ, ನೀರಿಗೆ ತತ್ವಾರವಾಗಿ ಆ ವರ್ಷ ಏಪ್ರಿಲ್ 20ರಂದು ಸಾವಿರಾರು ನಿವಾಸಿಗಳು ಬೀದಿಗಿಳಿದರು. ಅದೇ ವರ್ಷ ಇನ್ನೊಂದು ಬಗೆಯ ಪ್ರಯಾಣಿಕರೂ ಬಂದರು: ಸೆನೆಗಲ್, ಮಾಲಿ, ಮೊರಾಕ್ಕೋ ಮುಂತಾದ ಕಡೆಗಳಿಂದ ಮರದ ದೋಣಿಗಳಲ್ಲಿ 46 ಸಾವಿರಕ್ಕೂ ಹೆಚ್ಚು ಮಂದಿ. ಹನ್ನೊಂದು ಸಾವಿರ ಜನರ ಪುಟ್ಟ ಎಲ್ ಯೆರೋ ದ್ವೀಪದಲ್ಲಿ ಇಳಿದವರೇ ಅಲ್ಲಿಯ ನಿವಾಸಿಗಳಿಗಿಂತ ಹೆಚ್ಚು. 2025ರಲ್ಲಿ ಈ ಸಂಖ್ಯೆ ಬಹಳ ಇಳಿಯಿತು. ದಾರಿಯಲ್ಲೇ ಸಮುದ್ರ ಪಾಲಾದವರು ಯಾವ ಲೆಕ್ಕಕ್ಕೂ ಪೂರ್ತಿ ಸಿಕ್ಕಿಲ್ಲ. ಅವರಲ್ಲಿ ಹೆಚ್ಚಿನವರು ಅದೇ ಪೂರ್ವಕ್ಕೆ ಮುಖ ಮಾಡಿ ನಮಾಝ್ ಮಾಡುವವರು. ಪ್ರವಾಸ ಪುಸ್ತಿಕೆಯಲ್ಲಿ ಈ ಸಾಲು ಇರುವುದಿಲ್ಲ.

ಇಂಥ ಗುಂಪಿನಲ್ಲಿ ಹೋಗುವ ಅವಕಾಶ ನಿಮಗೋ ನಿಮ್ಮ ಮಕ್ಕಳಿಗೋ ಒದಗಿದರೆ ಮುಂಚೆಯೇ ಕೆಲವು ಮಾತು ಬಾಯಿಬಿಟ್ಟು ಕೇಳಿಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಷೆಂಗೆನ್ ವೀಸಾ ಬೇಕು, ಅದಕ್ಕೆ ಕನಿಷ್ಠ 30 ಸಾವಿರ ಯೂರೋ ಚಿಕಿತ್ಸೆಯ ವಿಮೆ ಬೇಕು. ಸಹಾರಾದಿಂದ 'ಕಲಿಮಾ' ಎಂಬ ಧೂಳಿನ ಗಾಳಿ ಬೀಸಿದರೆ ವಿಮಾನ ನಿಲ್ಲುತ್ತದೆ, 2020ರ ಫೆಬ್ರವರಿಯಲ್ಲಿ ಹಾಗೇ ಆಯಿತು. ಆಗ ಹೆಚ್ಚುವರಿ ರಾತ್ರಿಯ ಖರ್ಚು ಯಾರದು? ಸಲಹೆಗಾರರಿಗೆ ಹೋಟೆಲುಗಳಿಂದ ಕಮಿಷನ್ ಬರುವುದುಂಟು, ಅದನ್ನು ಕೇಳಲು ಸಂಕೋಚ ಬೇಡ. ಊಟದ ವಿಷಯವನ್ನು ಬರಹದಲ್ಲೇ ಪಡೆಯಿರಿ. ಇವರು ಹಲಾಲ್ ಬೇಕೆಂದು ಬಾಯಲ್ಲಷ್ಟೇ ಹೇಳಿದ್ದರು. ಒಂದು ಹೋಟೆಲಿಗೆ ಆ ಸುದ್ದಿ ಮುಟ್ಟಿರಲೇ ಇಲ್ಲ. ಎರಡು ದಿನ ಮೀನು ಮತ್ತು ಉಪ್ಪುನೀರಿನಲ್ಲಿ ಸಿಪ್ಪೆ ಸುಕ್ಕುಗಟ್ಟುವಂತೆ ಬೇಯಿಸಿದ ಆಲೂಗಡ್ಡೆಯಲ್ಲೇ ಕಳೆದರು. ಅದಕ್ಕೆ ಬೆಳ್ಳುಳ್ಳಿ, ಮೆಣಸಿನ ಚಟ್ನಿಯಿರುತ್ತದೆ. ಮಕ್ಕಳು ಈಗ ಮನೆಯಲ್ಲೂ ಅದನ್ನೇ ಮಾಡಿಕೊಡೆಂದು ಹಟ ಹಿಡಿಯುತ್ತಾರಂತೆ.

ಊರಿನಿಂದ ಹೊರಡುವ ದಿನ ಅವಳು ಬ್ಯಾಗಿನಿಂದ ಒಂದು ಸಣ್ಣ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಲಾವಾದ ಕಲ್ಲೇ ಎಂದು ಕೇಳಿದೆ. "ಅಲ್ಲ ಖಾಲಾ, ಕಲ್ಲು ತರಲು ಬಿಡುವುದಿಲ್ಲ. ಗೋಫಿಯೋ. ಅಮ್ಮನ ಹುರಿಹಿಟ್ಟಿನ ಜೊತೆ ತಿಂದು ನೋಡಿ, ಯಾವುದು ಚೆನ್ನಾಗಿದೆ ಹೇಳಿ" ಎಂದಳು.

ಬೆಲ್ಲ ಹಾಕಿ ಕಲಸಿ ತಿಂದೆವು. ನನ್ನ ತಂಗಿಯದ್ದೇ ಚೆನ್ನಾಗಿತ್ತು.