ನಿಮಗಿದು ಗೊತ್ತೆ? ಕಾಫಿ ಬೆಟ್ಟದ ವೈರಸ್ಸಿಗೆ ಪೆಂಗ್ವಿನ್ ದ್ವೀಪದಲ್ಲೊಂದು ಬಂಧು

ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದೇ ಹೆಸರಾದ ಕ್ಯಾಸನೂರು ಕಾಡಿನ ಕಾಯಿಲೆಯ ವೈರಸ್, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಅದು, ರಷ್ಯಾದಲ್ಲಿ ಉಣುಗುಗಳಿಂದ ಹರಡಿ ಮಿದುಳಿನ ಉರಿಯೂತ ತರುವ ವೈರಸ್ಸಿನ ಹತ್ತಿರದ ಸಂಬಂಧಿಯಾಗಿ ಕಂಡದ್ದರಿಂದ, ಉತ್ತರದಿಂದ ಬರುವ ವಲಸೆ ಹಕ್ಕಿಗಳು ಸೋಂಕಿತ ಉಣುಗುಗಳನ್ನು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ಅದರ ಬೆನ್ನಿಗೇ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಗುರುತಿನ ಉಂಗುರ ತೊಡಿಸುವ ಬೃಹತ್ ಅಧ್ಯಯನವನ್ನು ಕೈಗೊಂಡಿತು. ಊಹೆ ಸಾಬೀತಾಗದಿದ್ದರೂ, ಭಾರತದ ಹಕ್ಕಿ ವಲಸೆಯ ಅರಿವಿಗೆ ಆ ಅಧ್ಯಯನ ನೀಡಿದ ಕೊಡುಗೆ ನಿಜಕ್ಕೂ ದೊಡ್ಡದು.

ಮಂಗನ ಕಾಯಿಲೆಯ ಈ ವೈರಸ್ಸೂ ಡೆಂಗಿ ವೈರಸ್ಸೂ ಇರುವ ಫ್ಲಾವಿವೈರಸ್ ಗುಂಪಿಗೇ ಸೇರಿದ ಗ್ಯಾಜೆಟ್ಸ್ ಗಲ್ಲಿ ಎಂಬ ವೈರಸ್, ಅಂಟಾರ್ಕ್ಟಿಕಕ್ಕೂ ಆಸ್ಟ್ರೇಲಿಯಕ್ಕೂ ನಡುವಣ ಮ್ಯಾಕ್ವಾರಿ ದ್ವೀಪದಲ್ಲಿ, ಪೆಂಗ್ವಿನ್ ಮೊದಲಾದ ಕಡಲಹಕ್ಕಿಗಳ ರಕ್ತ ಹೀರುವ ಉಣುಗುಗಳಲ್ಲಿ ದೊರೆತಿದೆ.

ಮತ್ತೆ ನಮ್ಮ ಕಾಫಿ ಬೆಟ್ಟಗಳಿಗೆ ಬಂದರೆ, ಕೊಪ್ಪ, ನರಸಿಂಹರಾಜಪುರಗಳೂ ಸೇರಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿದ್ದು, ಎಳೆಯ ಉಣುಗುಗಳು ಹೆಚ್ಚುವ ಒಣ ತಿಂಗಳುಗಳೂ ಮೂಡಿಗೆರೆ, ಕಳಸದ ತೋಟಗಳ ಕಾಫಿ ಕೊಯ್ಲಿನ ಕಾಲವೂ ಬಹುಮಟ್ಟಿಗೆ ಒಂದೇ ಆಗಿರುವುದು ಕಳವಳಕಾರಿ. ಸತ್ತ ಮಂಗದ ಮೈಯಿಂದ ಸೋಂಕಿತ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುವುದರಿಂದ, ಅಂಥ ಜಾಗಕ್ಕೆ ಕಾಲಿಡದೆ ಆರೋಗ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.